ನೆರಳೋಣಿಯ ಮೂರು ಕಮಾನು

ಬರ್ರಿ, ಚಾಪೆ ಹಾಸೀನಿ, ಗೋಡೆಗೆ ಒರಗಿ ಕೂತು ಕೇಳ್ರಿ. ನಮ್ಮ ಪಟ್ಟಣದ ಹಳೇಪೇಟೆಯಲ್ಲಿ ನೆರಳೋಣಿ ಎಂದೊಂದು ಓಣಿಯಿದೆ. ಅಲ್ಲಿ ಗಿಡವಿಲ್ಲ, ಮರವಿಲ್ಲ, ಎದುರಿಗೆ ಬರೀ ಬಯಲು. ಆದರೂ ಬಿಸಿಲೇರಿತೆಂದರೆ ಅಲ್ಲಿಯ ಪಾಳುಮನೆಯ ಅಂಗಳದಲ್ಲಿ ಮೂರು ಕಮಾನುಗಳ ನೆರಳು ಬೀಳುತ್ತದೆ.

ಹಿಂದೆ ಒಮ್ಮೆ ಊರ ನಡುವೆ ಮೂರು ಕಮಾನಿನ, ಕಲ್ಲಿನ ಪುರಭವನವಿತ್ತು. ಜಗಳ ಬಗೆಹರಿಸುವುದು, ಸತ್ತ ಹಿರಿಯರನ್ನು ಊರಿಗೆ ಕಡೆಯ ಸಲ ತೋರಿಸುವುದು, ಎಲ್ಲ ಅಲ್ಲೇ. ಪುರಸಭೆಯ ಅಧ್ಯಕ್ಷ ಮಲ್ಲಸರ್ಜಪ್ಪನಿಗೆ ಅದನ್ನು ಕೆಡವಿ ಅಂಗಡಿಸಾಲು ಕಟ್ಟಿಸುವ ಹಂಬಲ. ಕೆಡವಲು ಬಂದ ಗೌಂಡಿ ಹುಲಗಪ್ಪ ಹಾರೆ ಕೆಳಗಿಟ್ಟು ನಿಂತ.

“ಧಣ್ಯಾರ, ಒಳಗ ಕಣ್ಣಿಗೆ ಕಾಣದಂಗ ಇರೋರನ್ನ ಕರದು, ಇಂಥಲ್ಲಿ ಹೋಗಿ ಇರ್ರಿ ಅಂತ ಜಾಗಾ ತೋರಸ್ಬೇಕ್ರಿ. ನಮ್ಮ ಪದ್ಧತಿ. ಕೆಡವಸೋರೇ ಕರೀಬೇಕು.”

“ಒಳಗ ಯಾರದಾರೋ ಮಾರಾಯಾ? ಬಾವಲಿಗೆ ಬೀಗರೂಟ ಹಾಕಸ್ಲೇನು?” ಎಂದು ನಕ್ಕ ಅಧ್ಯಕ್ಷ, ಬಾಗಿಲಿಗೆ ಹೋಗಿ, “ಎಲ್ಲಾರೂ ನಮ್ಮನೀಗೆ ಬರ್ರೆಪಾ” ಎಂದು ಕೂಗಿದನಂತೆ. ಹುಲಗಪ್ಪ ನಗಲಿಲ್ಲ.

ಕಟ್ಟಡ ನೆಲಕ್ಕೆ ಬಿದ್ದ ಮರುದಿನ ಅಧ್ಯಕ್ಷನ ಹೆಂಡತಿ ನೀಲಮ್ಮ ಈ ಓಣಿಯ ತಮ್ಮ ಮನೆಯ ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದಳು. ಮೋಡವಿಲ್ಲದ ಆಕಾಶದ ಕೆಳಗೆ ಕಮಾನಿನ ನೆರಳು ಮೆಲ್ಲಗೆ ಸರಿದು ಬಂದು ಅವಳ ಕೈ ತಣ್ಣಗಾಯಿತು. ಅಂದಿನಿಂದ ಆ ಮನೆಯಲ್ಲಿ ಏನೂ ಒಣಗಲಿಲ್ಲ ಎನ್ನುತ್ತಾರೆ. ಹಪ್ಪಳಕ್ಕೆ ಬೂಸ್ಟು, ಸೀರೆಗೆ ಹಸಿ ವಾಸನೆ.

“ಪಡಸಾಲ್ಯಾಗ ಮಂದಿ ಕೆಮ್ಮತಾರ್ರಿ, ಒಬ್ರೂ ಕಾಣವಲ್ಲರು. ಅವರನ್ನ ಕಳಸ್ರಿ, ಇಲ್ಲಾ ನಾ ಹೋಗ್ತೀನಿ,” ಅಂದಳು ನೀಲಮ್ಮ.

ಅಧ್ಯಕ್ಷ ಹುಲಗಪ್ಪನ ಮನೆಗೆ ಓಡಿದ. “ಬ್ಯಾರೆ ಜಾಗಾ ತೋರಸ್ರಿ, ಹೋಗ್ತಾರ,” ಅಂದ ಅವನು. ಎಲ್ಲಿ ತೋರಿಸುವುದು? ಊರಲ್ಲಿ ಎಲ್ಲರಿಗೂ ಸೇರಿದ ಸೂರು ಅದೊಂದೇ ಇತ್ತು. ತಿರುಗಿ ಕಟ್ಟೇನೆಂದು ಮನೆಮನೆಗೆ ಹೋಗಿ, ಊರವರು ಹೊತ್ತೊಯ್ದಿದ್ದ ಪುರಭವನದ ಕಲ್ಲು ಬೇಡಿದ. ಆದರೆ ಕಲ್ಲುಗಳು ಆಗಲೇ ಯಾರದೋ ಮೆಟ್ಟಿಲಾಗಿ, ಯಾರದೋ ಬಚ್ಚಲಾಗಿ ಕೂತಿದ್ದವು. “ಒಗೆಯೋ ಕಲ್ಲು ಕೊಟ್ಟು ನಾ ಎಲ್ಲಿ ಒಗೀಲಿ?” ಎಂದು ಒಬ್ಬಳು ಬಾಗಿಲು ಹಾಕಿಕೊಂಡಳು.

ನೀಲಮ್ಮ ತಂಗಿಯ ಮನೆಗೆ ಹೋಗಿ ಬಿಸಿಲು ಕಾಯಿಸಿಕೊಳ್ಳುತ್ತ ಮುದುಕಿಯಾದಳು. ಹುಲಗಪ್ಪ ಮತ್ತೆ ಯಾವ ಗೋಡೆಗೂ ಹಾರೆ ಹಾಕದೆ ಕಟ್ಟುತ್ತಲೇ ಸತ್ತ. ಮಲ್ಲಸರ್ಜಪ್ಪ ಮಾತ್ರ ಒಂಟಿಯಾಗಿ ಆ ಅಂಗಳದಲ್ಲಿ ನಿಂತು, “ಹೊರಗ ಬರ್ರೆಪ್ಪಾ, ತಪ್ಪಾತು” ಎಂದು ದಿನಾ ಕರೆಯುತ್ತಿದ್ದ. ಒಂದು ಮಧ್ಯಾಹ್ನ ದನಿ ನಿಂತಿತು. ಹೋಗಿ ನೋಡಿದರೆ ಮನುಷ್ಯನಿಲ್ಲ. ಈಗ ಹೋದವರಿಗೂ ಕಾಣುತ್ತದೆ, ನಡುವಿನ ಕಮಾನಿನೊಳಗೆ ಒಬ್ಬ ಮನುಷ್ಯನ ನೆರಳು, ಯಾರನ್ನೋ ಕರೆಯುವಂತೆ ಕೈ ಎತ್ತಿಕೊಂಡು ನಿಂತಿದೆ.