ಜೇಬಿನಲ್ಲಿದ್ದ ಬ್ರೇಕು

ಬೆಟ್ಟದ ನೆತ್ತಿ ಮೇಲೆ ಹನ್ನೊಂದು ಮನೆ. ಅದರಲ್ಲೊಂದು ಕೆಂಪಾಜಮ್ಮನದು. ಅವಳಿಗೆ ಒಬ್ಬನೇ ಮಗ, ಹೆಸರು ಜಡೆಯ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅಯ್ಯೋ, ಅವಳ ಕರ್ಮ ಅದೇ ಅಲ್ವೇ.

ಸೋದರಮಾವ ಒಂದು ಗೇರ್ ಸೈಕಲ್ ಕೊಟ್ಟಿದ್ದ. ಜಡೆಯ ದಿನಾ ಬೆಳಿಗ್ಗೆ ಅದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಕೆಳಗಿನ ಡೈರಿಗೆ ಇಳಿಯೋನು. ದಾರೀಲಿ ಮೂರು ತಿರುವು. ಮೂರನೇದರ ಪಕ್ಕ ನೆಲವೇ ಇಲ್ಲ, ಬರೀ ಕಮರಿ. ಮಗ ವಾಪಸ್ ಬರೋವರೆಗೂ ಕೆಂಪಾಜಮ್ಮ ಒಂದು ತುತ್ತೂ ಬಾಯಿಗೆ ಇಡ್ತಿರಲಿಲ್ಲ.

ಒಂದಿನ ಬ್ರೇಕು ಕಿರ್ ಅಂತು. ಹಿಂದಿನ ದಿನ ಬಾಗಿಲು ಕಿರ್ ಅಂದಾಗ ಅವ್ವ ಹೇಳಿದ್ದಳು, "ಕಿರ್ ಅನ್ನೋದಕ್ಕೆಲ್ಲ ಹರಳೆಣ್ಣೆ ಬುಡ್ಲಾ." ಬಿಟ್ಟ. ಒಂದು ಬಟ್ಟಲು ಪೂರ್ತಿ ಬಿಟ್ಟ. ಹತ್ತಿ ಹೊರಟ. ಕಿರ್ ಅನ್ನಲಿಲ್ಲ. ನಿಲ್ಲಲೂ ಇಲ್ಲ. ಮೊದಲನೇ ತಿರುವಿನ ತಿಪ್ಪೆಗುಂಡಿಯೇ ಅವನನ್ನ ನಿಲ್ಲಿಸಿತು.

ಕೆಂಪಾಜಮ್ಮ ಓಡಿ ಬಂದಳು. ಬ್ರೇಕಿಗೆ ಬೂದಿ ಹಾಕಿ ಎಣ್ಣೆ ಉಜ್ಜಿ ತೆಗೆಯುತ್ತಾ ಬೈದಳು. "ಬ್ರೇಕ್‌ಗೆ ಯಾರಾದ್ರೂ ಎಣ್ಣೆ ಬುಟ್ಟಾರೇನ್ಲಾ? ಅದಿರೋದು ಹಿಡಿಯಕ್ಕೆ. ಗಟ್ಟಿಯಾಗಿ ಹಿಡಿ. ಕೆಳಕ್ಕೆ ಮುಟ್ಟೋಗಂಟ ಬುಡಬ್ಯಾಡ."

"ಆಯ್ತು ಕಣವ್ವ."

ಮಾರನೇ ದಿನ ಮನೆ ಬಾಗಿಲಲ್ಲೇ ಹಿಡಿದ. ಚಕ್ರ ತಿರುಗಲಿಲ್ಲ. ಹಿಡಿದುಕೊಂಡೇ ಎಳೆದ, ಎಳೆದುಕೊಂಡೇ ಇಳಿದ. ಡೈರಿ ಮುಚ್ಚಿತ್ತು, ಹಾಲು ಒಡೆದಿತ್ತು, ಟೈರು ನುಣ್ಣಗಾಗಿತ್ತು. ಇತ್ತ ಕೆಂಪಾಜಮ್ಮ ಕಮರಿ ಅಂಚಲ್ಲಿ ನಿಂತು, ಬಗ್ಗಿ ಬಗ್ಗಿ ನೋಡಿ, ಮಗನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದಳು.

"ನನ್ ಜೀವ ತೆಗೀತೀಯ ಕಣ್ಲಾ ನೀನು. ಹೊಸ ಡಿಸ್ಕ್ ಬ್ರೇಕ್ ಹಾಕಿಸಬೇಕೋ, ಇದೇ ಸಾಕೋ, ಸೈಕಲ್ ಅಂಗಡಿ ಅಂತೋಣಿನ ಕೇಳ್ಕೊಂಡು ಬಾ. ನಾಳೆ ನಡ್ಕೊಂಡು ಹೋಗು. ಅವನು ಹೇಳ್ದಂಗೆ ಮಾಡು."

ನಡೆದೇ ಹೋದ. ಅಂತೋಣಿ ಗೊಣಗಿದ. "ನೋಡದೆ ಹೆಂಗಪ್ಪ ಹೇಳಲಿ? ಬರಿಗೈಲಿ ಬಂದಿದ್ದೀಯಲ್ಲ. ಇಡೀ ಸೈಕಲ್ ಏನೂ ಬ್ಯಾಡ, ಬ್ರೇಕ್ ಬಿಚ್ಕೊಂಡು ಬಾ ಸಾಕು. ಬೇಗ ಬಾ, ಊಟಕ್ಕೆ ಅಂಗಡಿ ಮುಚ್ತೀನಿ."

ಜಡೆಯ ಏದುಸಿರು ಬಿಡುತ್ತಾ ಮೇಲೆ ಬಂದ. ಹಿಂದಿನದು ಮುಂದಿನದು ಎರಡೂ ಬ್ರೇಕು ಬಿಚ್ಚಿ ಜೇಬಿಗೆ ಹಾಕಿಕೊಂಡ. "ಅಂತೋಣಣ್ಣ ತಗೊಂಡು ಬಾ ಅಂದ ಕಣವ್ವ," ಅಂದ.

ಸದ್ಯ, ಇವತ್ತಾದ್ರೂ ಸರಿಯಾಗಿ ಕೇಳಿಸ್ಕೊಂಡವನೆ ಅಂತ ಕೆಂಪಾಜಮ್ಮ ನೆಮ್ಮದಿಯಾಗಿ ಮುದ್ದೆ ಮುಂದೆ ಕೂತಳು. ಒಂದು ತುತ್ತು ಎತ್ತಿದಳು. ಗೋಡೆ ಕಡೆ ನೋಡಿದಳು. ಸೈಕಲ್ ಇಲ್ಲ.

ಬೇಗ ಬಾ ಅಂದಿದ್ದನಲ್ಲ ಅಂತೋಣಿ.

ಎಂಜಲು ಕೈಯಲ್ಲೇ ಓಡಿದಳು. ಮಗ ಆಗಲೇ ಎರಡನೇ ತಿರುವು ದಾಟಿ ರೊಯ್ಯನೆ ಇಳೀತಿದ್ದ. ಅವಳಿಗೆ ಬೇರೆ ಮಾತೇ ಬಾಯಿಗೆ ಬರಲಿಲ್ಲ. "ಬ್ರೇಕ್ ಹಿಡೀಲಾ ಮೊಗಾ! ಬ್ರೇಕ್ ಹಿಡಿ!"

ಅವ್ವ ಹೇಳಿದ ಮೇಲೆ ಕೇಳದೆ ಇರ್ತಾನಾ? ಹ್ಯಾಂಡಲ್ ಬಿಟ್ಟು ಬಲಗೈನ ಜೇಬಿಗೆ ಹಾಕಿ ಬ್ರೇಕನ್ನ ಗಟ್ಟಿಯಾಗಿ ಹಿಡಿದ. "ಹಿಡ್ಕಂಡಿವ್ನಿ ಕಣವ್ವಾ," ಅಂತ ಕೂಗಿಯೂ ಹೇಳಿದ.

ಸೈಕಲ್ ಕಮರಿಗೆ ಹೋಯ್ತು. ಜಡೆಯ ಅಂಚಿನ ಲಂಟಾನ ಪೊದೇಲಿ ಅಂಗಿ ಸಿಕ್ಕಿಕೊಂಡು ನೇತಾಡ್ತಿದ್ದ. ಅಕ್ಕಪಕ್ಕದವರು ಹಗ್ಗ ತಂದು ಎಳೆದುಕೊಂಡರು. ಮುಖವೆಲ್ಲ ಗೀರು, ಬಲಗೈ ಮಾತ್ರ ಇನ್ನೂ ಜೇಬಲ್ಲೇ ಇತ್ತು. ಕೆಂಪಾಜಮ್ಮ ಅವನನ್ನ ತಬ್ಬಿಕೊಂಡು ಅಳುತ್ತಾ ಆ ಕೈ ಎಳೆದಳು. ಬರಲಿಲ್ಲ.

ಜಡೆಯ ಸುತ್ತಲೂ ಒಂದು ಸಲ ನೋಡಿ ಕೇಳಿದ.

"ಕೆಳಕ್ಕೆ ಮುಟ್ಟುದ್ವಾ ಅವ್ವ? ಬುಡ್ಲಾ?"