ಬಸ್ ನಿಲ್ದಾಣದಲ್ಲಿ ಕಾವಲು ಕೂತವನು

"ಅಯ್ಯನವರೇ, ನಾವು ಎತ್ತಿ ಮನೆ ಸೇರಿಸಿದವನು ಮುಂದಿನ ಶನಿವಾರ ಮತ್ತೆ ಕುಡಿದು ಅದೇ ಬೀದಿಯಲ್ಲಿ ಬಿದ್ದಿರುತ್ತಾನೆ. ಹಾಗಿದ್ದ ಮೇಲೆ ನಾವು ಮಾಡಿದ್ದರಿಂದ ಆದದ್ದೇನು?"

ಕೇಳಿದವಳು ಸುಕೃತಾ. ಚರ್ಚಿನಿಂದ ರಾತ್ರಿ ಬೀದಿಗೆ ಹೋಗುವ ಸ್ವಯಂಸೇವಕರ ಗುಂಪಿಗೆ ಅವಳು ಆಗಷ್ಟೇ ಸೇರಿದ್ದಳು. ಸಭಾಪಾಲಕರಾದ ಜ್ಞಾನಮಿತ್ರ ಅಯ್ಯನವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಶನಿವಾರ ರಾತ್ರಿ, ಹೆಂಡದಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ, ಅವನೂ ಅವನ ಚರ್ಚಿನ ಒಬ್ಬ ನರ್ಸಮ್ಮನೂ ಬೀದಿಗೆ ಇಳಿಯುತ್ತಿದ್ದರು. ಜೊತೆಗೆ ಚಹಾದ ಫ್ಲಾಸ್ಕು, ನೀರು, ಗಾಯಕ್ಕೆ ಕಟ್ಟುವ ಬಟ್ಟೆ ಇರುತ್ತಿದ್ದವು. ಕುಡಿದು ಬಿದ್ದವರು, ಮನೆಯಿಂದ ಹೊರಬಿದ್ದವರು, ಕೊನೆಯ ಬಸ್ಸು ತಪ್ಪಿದವರು, ಯಾರೇ ಸಿಕ್ಕರೂ ಅವರ ಹತ್ತಿರ ಕೂರುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ಚರ್ಚಿಗೆ ಬಾ ಎಂದು ಕರೆಯುತ್ತಲೂ ಇರಲಿಲ್ಲ.

ಅದೇ ಊರಿನ ಕಾಳಿನ ಪೇಟೆಯಲ್ಲಿ ಒಬ್ಬ ಹಮಾಲನಿದ್ದ. ವಾರವಿಡೀ ಮೂಟೆ ಹೊತ್ತು ಶನಿವಾರ ಕುಡಿಯುತ್ತಿದ್ದ. ಕುಡಿದು ಪೇಟೆಯ ಕಟ್ಟೆಯ ಮೇಲೆ ಬೀಳುತ್ತಿದ್ದ. ದರ್ಜಿ ಅವನನ್ನು ಎಬ್ಬಿಸಿ, ನೀರು ಕುಡಿಸಿ, ಅಮಲು ಸ್ವಲ್ಪ ಇಳಿಯುವವರೆಗೆ ಪಕ್ಕದಲ್ಲಿ ಕೂತು, ಆಮೇಲೆ ಹೆಗಲು ಕೊಟ್ಟು ಮನೆಗೆ ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ಹಮಾಲ ಅವನನ್ನು ಬೈಯುತ್ತಿದ್ದ. ಹೀಗೇ ಒಂದು ಮಳೆಗಾಲ ಕಳೆಯಿತು. ಹಮಾಲನ ಕುಡಿತ ಒಂದು ಗುಟುಕೂ ಕಡಿಮೆಯಾಗಲಿಲ್ಲ.

ಒಂದು ಶನಿವಾರ ಎಬ್ಬಿಸಲು ಹೋದಾಗ ಹಮಾಲ ಕೈ ಬೀಸಿದ. ಏಟು ದರ್ಜಿಯ ಬಾಯಿಗೆ ಬಿದ್ದು ತುಟಿ ಒಡೆಯಿತು. ಆ ರಾತ್ರಿಯೂ ದರ್ಜಿ ಅವನನ್ನು ಮನೆ ಮುಟ್ಟಿಸಿದ. ಆದರೆ ಮರಳುವಾಗ, ಇನ್ನು ಈ ಮನುಷ್ಯನ ಗೊಡವೆ ಬೇಡವೆಂದು ನರ್ಸಮ್ಮನಿಗೆ ಹೇಳಿದ. ಊರಲ್ಲಿ ಸಹಾಯ ಬೇಕಾದವರು ಬೇರೆ ಇದ್ದಾರೆ, ಬದಲಾಗುವವರಿಗೆ ಆ ಹೊತ್ತು ಕೊಡೋಣ ಎಂದ. ನರ್ಸಮ್ಮ ಅವನ ತುಟಿಗೆ ಔಷಧ ಹಚ್ಚಿದರು. ಒಪ್ಪಲೂ ಇಲ್ಲ, ವಾದಿಸಲೂ ಇಲ್ಲ.

ಮುಂದಿನ ಶನಿವಾರ ದರ್ಜಿ ಪೇಟೆಯ ದಾರಿ ಬಿಟ್ಟು ಸ್ಟೇಷನ್ ರಸ್ತೆ ಹಿಡಿದ. ನರ್ಸಮ್ಮ ಜೊತೆಗೆ ನಡೆದರು.

ಅತ್ತ ಹಮಾಲ ಕಟ್ಟೆಯ ಮೇಲೆ ತಾನೇ ಎಚ್ಚರಗೊಂಡ. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಟಲು ಒಣಗಿತ್ತು. ತೂರಾಡುತ್ತ, ನಲ್ಲಿ ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಗಂಡನ ಹೊಡೆತ ತಾಳಲಾರದೆ ತವರಿಗೆ ಹೊರಟವಳಿಗೆ ಕೊನೆಯ ಬಸ್ಸು ತಪ್ಪಿತ್ತು. ಇಬ್ಬರು ಗಂಡಸರು ಎದುರು ನಿಂತು, ನಮ್ಮ ಗಾಡಿಯಲ್ಲಿ ಬಿಡುತ್ತೇವೆ ಬಾ ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು. ಅವಳು ಬೇಡವೆಂದರೂ ಬಿಡಲಿಲ್ಲ. ಒಬ್ಬ ಆಗಲೇ ಅವಳ ಚೀಲವನ್ನು ಎತ್ತಿಕೊಂಡಿದ್ದ.

ಹಮಾಲ ಹೋಗಿ ಚೀಲ ಕಿತ್ತುಕೊಂಡು ಅವಳ ಪಕ್ಕ ಇಟ್ಟ. ಅವರು ಅವನನ್ನು ನೂಕಿದರು. ಅವನ ಕಾಲು ಮೊದಲೇ ನಿಲ್ಲುತ್ತಿರಲಿಲ್ಲ. ಬಿದ್ದ ರಭಸಕ್ಕೆ ಹಣೆ ಒಡೆಯಿತು. ಎದ್ದು ಬಂದು ಬೆಂಚಿನ ಮುಂದೆ ನೆಲದ ಮೇಲೆ, ಅವಳಿಗೆ ಬೆನ್ನು ಮಾಡಿ, ಅವರಿಗೆ ಮುಖ ಮಾಡಿ ಕೂತುಬಿಟ್ಟ. ಅದು ಮೂಟೆ ಹೊತ್ತ ಮೈ. ಕೂತ ಮೇಲೆ ಎಳೆದರೂ ಕದಲಲಿಲ್ಲ.

ಹೆಂಗಸಿಗೆ ಅವನನ್ನು ಕಂಡರೂ ಭಯವೇ. ಹೆಂಡದ ವಾಸನೆ ಹೊಡೆಯುತ್ತಿತ್ತು. ಅವನು ಅವಳ ಕಡೆ ತಿರುಗದೆಯೇ ಹೇಳಿದ:

"ನಾನು ಕುಡಿದಿದ್ದೇನೆ, ತಾಯಿ. ನನ್ನನ್ನು ನಂಬಬೇಡ. ಚರ್ಚಿನವರು ಬರುತ್ತಾರೆ. ಅವರು ಬರುವ ತನಕ ನಾನು ಇಲ್ಲಿಂದ ಏಳುವುದಿಲ್ಲ."

ಗಂಡಸರು ನಕ್ಕರು. ಇವನು ಇನ್ನೇನು ನಿದ್ದೆ ಹೋಗುತ್ತಾನೆಂದು ಸ್ವಲ್ಪ ದೂರದಲ್ಲಿ ಬೀಡಿ ಹಚ್ಚಿ ಕಾದರು. ಹೊತ್ತು ಸರಿಯಿತು. ಯಾರೂ ಬರಲಿಲ್ಲ. ಹಮಾಲನ ತಲೆ ತೂಗತೊಡಗಿತು. ತೂಗಿದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ಕಣ್ಣು ತೆರೆಯುತ್ತಿದ್ದ.

ಸ್ಟೇಷನ್ ರಸ್ತೆ ಮುಗಿದಾಗ ದರ್ಜಿ, ಇನ್ನು ಮನೆಗೆ ಹೋಗೋಣವೆಂದ. ನರ್ಸಮ್ಮ ಮಾತ್ರ ಪೇಟೆಯ ಕಡೆ ಒಮ್ಮೆ ನೋಡಿ ಬರುತ್ತೇನೆಂದು ಹೊರಟರು. ವಯಸ್ಸಾದವರನ್ನು ಒಬ್ಬರನ್ನೇ ಕಳಿಸಲಾಗದೆ ದರ್ಜಿಯೂ ಹಿಂದೆ ನಡೆದ. ಕಟ್ಟೆ ಬರಿದಾಗಿತ್ತು. ಈಗ ದರ್ಜಿಯೇ ಮುಂದಾಗಿ ಓಣಿ ಓಣಿ ಹುಡುಕಿದ. ಹುಡುಕುತ್ತ ಬಸ್ ನಿಲ್ದಾಣಕ್ಕೆ ಬಂದ. ಇವರನ್ನು ಕಂಡದ್ದೇ ಗಂಡಸರು ಗಾಡಿ ಹತ್ತಿ ಹೋದರು.

ನರ್ಸಮ್ಮ ಹೆಂಗಸಿನ ಪಕ್ಕ ಕೂತು, ಮಗುವಿನ ಮೈ ಮುಟ್ಟಿ ನೋಡಿ, ಅವಳಿಗೆ ಚಹಾ ಕೊಟ್ಟರು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತಳು. ಆ ರಾತ್ರಿ ತಾಯಿ ಮಗು ಇಬ್ಬರೂ ನರ್ಸಮ್ಮನ ಮನೆಯಲ್ಲಿ ಮಲಗಿ, ಬೆಳಗಿನ ಮೊದಲ ಬಸ್ಸಿನಲ್ಲಿ ತವರು ಸೇರಿದರು.

ದರ್ಜಿ ಹಮಾಲನ ಹಣೆಗೆ ಬಟ್ಟೆ ಸುತ್ತುತ್ತ ಕೇಳಿದ: "ನಾವು ಬಾರದೆ ಹೋಗಿದ್ದರೆ ಏನು ಮಾಡುತ್ತಿದ್ದೆ?"

ಹಮಾಲನಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಬಾರದೆ ಹೇಗೆ ಇರುತ್ತೀರಿ, ಅಣ್ಣಾ?" ಎಂದ. "ನಾನು ಹೊಡೆದ ದಿನವೂ ಮನೆ ಮುಟ್ಟಿಸಿಯೇ ಹೋದಿರಲ್ಲ."

ದರ್ಜಿ ಬಟ್ಟೆಯ ಗಂಟು ಬಿಗಿದು, ಹೆಗಲು ಕೊಟ್ಟು ಅವನನ್ನು ಎಬ್ಬಿಸಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ಹಮಾಲ ಎಂದಿನಂತೆ ಬೈಯಲು ಶುರುಮಾಡಿದ. ದರ್ಜಿಗೆ ನಗು ಬಂತು.

ಅಯ್ಯನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಸುಕೃತಾ ಇನ್ನೂ ಏನೋ ಬಾಕಿ ಇದೆಯೆಂಬಂತೆ ಕಾದಳು. ಕೊನೆಗೆ ಅವಳೇ ಕೇಳಿದಳು: "ಆಮೇಲೆ ಅವನು ಕುಡಿಯುವುದನ್ನು ಬಿಟ್ಟನೇ?"

ಅಯ್ಯನವರು ಹೇಳಿದರು: "ಬೆಂಚಿನ ಮೇಲೆ ಕೂತಿದ್ದ ಆ ತಾಯಿ ಅದನ್ನು ಕೇಳಲಿಲ್ಲ."