ನೋಡದ ಶಂಖಕ್ಕೆ ಮುಂಗಡ

ಬೇರೆಯವರು ಬಿಟ್ಟುಹೋದ ಶಂಖದಲ್ಲೇ ಬಾಳುವ ಸನ್ಯಾಸಿ ಏಡಿಗೆ ಬೆನ್ನ ಮೇಲಿನ ಶಂಖ ಬಿಗಿಯಾಗಿತ್ತು. ಅದನ್ನು ಬೈಯದೆ ಏಡಿಗೆ ಹೊತ್ತೇ ಹೋಗುತ್ತಿರಲಿಲ್ಲ. ಆ ಗೊಣಗಾಟ ಕೇಳಿ ಕಾಗೆ ಹಾರಿಬಂತು.

"ಏಡಿಯಣ್ಣಾ, ಬಂಡೆಯ ಆಚೆ ಒಳ್ಳೆಯ ಶಂಖವಿದೆ. ಒಬ್ಬ ಮುದುಕ ಏಡಿ ಇಟ್ಟುಕೊಂಡಿದ್ದ, ಹೊರಗೇ ತೆಗೆದಿಲ್ಲ. ಕೇಳುವವರು ಸಾಲುಗಟ್ಟಿದ್ದಾರೆ. ನಿನ್ನ ಹಳೆಯದನ್ನು ಕಳಚಿ ಮುಂಗಡವಾಗಿ ಕೊಡು, ನಿನಗೇ ಕೊಡಿಸುತ್ತೇನೆ."

"ಒಮ್ಮೆ ನೋಡಬಹುದೇ?"

"ನೀನು ತೆವಳಿಕೊಂಡು ಬರುವಷ್ಟರಲ್ಲಿ ಬೇರೆಯವರ ಪಾಲಾಗುತ್ತದೆ. ಆಮೇಲೆ ನನ್ನನ್ನು ದೂರಬೇಡ."

ಏಡಿ ಆಸೆಗೆ ಬಿದ್ದು ಶಂಖದಿಂದ ಮೈ ಬಿಡಿಸಿಕೊಳ್ಳಲು ಹೆಣಗಿತು. ಶಂಖ ಬಿಡಲಿಲ್ಲ.

"ಬಿಡು, ದರಿದ್ರವೇ!"

"ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ಬೆಲೆ ಕಟ್ಟುತ್ತೀಯಾ?" ಎಂದಿತು ಶಂಖ.

ಅಷ್ಟರಲ್ಲಿ, ಹೊರಬಂದಷ್ಟು ಮೆತ್ತನೆಯ ಮೈಗೆ ಕಾಗೆ ಕುಕ್ಕಿತು. ಏಡಿ ಸರಕ್ಕನೆ ಒಳಸರಿಯಿತು. ಕೊಕ್ಕು ತಗುಲಿ ಶಂಖದ ಅಂಚು ಮುಕ್ಕಾಯಿತು.

ಕಾಗೆ ಹೋದ ಮೇಲೆ ಏಡಿ ಬಂಡೆಯ ಆಚೆ ಹೋಗಿ ನೋಡಿತು. ಅಲ್ಲಿದ್ದದ್ದು ಒಂದು ಒಡೆದ ಕರಟ.

ಮುಂದೊಂದು ದಿನ ಅಲೆಯೊಂದು ದೊಡ್ಡ ಶಂಖವನ್ನು ತಂದು ಹಾಕಿತು. ಏಡಿ ಅದನ್ನು ಉರುಳಿಸಿ, ತಟ್ಟಿ, ಒಳಗೆಲ್ಲ ಕಾಲಾಡಿಸಿ ನೋಡಿಯೇ ಹೊಕ್ಕಿತು. ಹಳೆಯದನ್ನು ನೆರಳಿಗೆ ತಳ್ಳಿ, ಅದರ ಮುಕ್ಕಾದ ಅಂಚನ್ನು ಸವರುತ್ತಾ ಕೂತಿತು.

ಬಡಕಲು ಏಡಿಯೊಂದು ಬಂದು ಕೇಳಿತು: "ಅಣ್ಣಾ, ಇದಕ್ಕೆ ಮುಂಗಡ ಏನು ಕೊಡಲಿ?"

"ಮೊದಲು ಒಳಗೆ ಹೊಕ್ಕು ನೋಡು, ತಮ್ಮಾ. ಮುಂದೆ ಬಿಗಿಯಾಯಿತೆಂದು ಮಾತ್ರ ಇದನ್ನು ಬೈಯಬೇಡ. ಇದು ಬಿಗಿಯಾಗಿದ್ದುದಕ್ಕೇ ನಾನು ಉಳಿದೆ."